ವೇಗದ ಜೊತೆಗೆ ಇಂಧನದ ಲೆಕ್ಕ

ಮಾನ್ಯ ಸಂಪಾದಕರೇ,

ಕಾಫಿ ತೋಟಗಳ ಮಣ್ಣಿನ ಹಾದಿಯಲ್ಲಿ ರ‍್ಯಾಲಿ ನೋಡಿ ಬೆಳೆದ ಚಿಕ್ಕಮಗಳೂರಿನವರಿಗೆ ಮೋಟಾರು ಸ್ಪರ್ಧೆ ಹೊಸದೇನಲ್ಲ. ಆದರೂ ನಮ್ಮ ಕ್ರೀಡಾಪುಟಗಳಲ್ಲಿ ಫಾರ್ಮುಲಾ ಒನ್ ಬಿಟ್ಟರೆ ದೀರ್ಘ ಓಟದ ಕಾರುಗಳ ಪ್ರಸ್ತಾಪ ವಿರಳ. 1982ರಲ್ಲಿ ಕಣಕ್ಕಿಳಿದ, ಜರ್ಮನಿಯ ಪೋರ್ಷೆ ಕಂಪನಿಯ 956 ಕಾರು ಅಂಥ ಪ್ರಸ್ತಾಪಕ್ಕೆ ಖಂಡಿತ ಅರ್ಹ. ಆ ವರ್ಷ ದೀರ್ಘ ಓಟದ ಕಾರುಗಳಿಗೆ ಜಾರಿಗೆ ಬಂದ ಗ್ರೂಪ್ ಸಿ ಎಂಬ ವರ್ಗದ ನಿಯಮಾವಳಿ ಎಂಜಿನ್ನಿನ ಗಾತ್ರಕ್ಕೆ ಮಿತಿ ಹಾಕದೆ, ಸಾವಿರ ಕಿಲೋಮೀಟರಿಗೆ 600 ಲೀಟರ್ ಇಂಧನ ಮಾತ್ರ ಎಂಬ ಕಟ್ಟುಪಾಡು ವಿಧಿಸಿದ್ದರಿಂದ, ಗೆಲ್ಲಬೇಕಾದವರು ವೇಗದ ಜೊತೆಗೆ ಮಿತವ್ಯಯವನ್ನೂ ಕಲಿಯಬೇಕಾಯಿತು. ಪೋರ್ಷೆಯ ಎಂಜಿನಿಯರ್ ನಾರ್ಬರ್ಟ್ ಸಿಂಗರ್ ನೇತೃತ್ವದಲ್ಲಿ ರೂಪುಗೊಂಡ ಈ ಕಾರಿಗೆ ಅಲ್ಯೂಮಿನಿಯಂ ಮೊನೊಕಾಕ್ (ಹೊರಕವಚವೇ ಭಾರ ಹೊರುವ) ಚೌಕಟ್ಟು, ಎರಡು ಟರ್ಬೊಗಳುಳ್ಳ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನಗಳುಳ್ಳ) 2.65 ಲೀಟರಿನ ಆರು ಸಿಲಿಂಡರ್ ಎಂಜಿನ್ನು ಇದ್ದವು; ತಳದ ಸುರಂಗಗಳಲ್ಲಿ ರಭಸದಿಂದ ಹಾಯುವ ಗಾಳಿಯ ಒತ್ತಡ ತಗ್ಗಿ ಕಾರನ್ನು ಕೆಳಕ್ಕೆ ಸೆಳೆಯುತ್ತಿದ್ದುದರಿಂದ, ಅದು ತಿರುವುಗಳಲ್ಲೂ ನೆಲ ಬಿಡುತ್ತಿರಲಿಲ್ಲ. ಅದೇ ವರ್ಷ ಫ್ರಾನ್ಸಿನ 24 ಗಂಟೆಗಳ ಓಟವಾದ ಲೆ ಮಾನ್ಸ್‌ನ ಮೊದಲ ಮೂರು ಸ್ಥಾನಗಳನ್ನು 1, 2, 3 ಸಂಖ್ಯೆಯ ಕಾರುಗಳೇ ಅದೇ ಕ್ರಮದಲ್ಲಿ ಗೆದ್ದವು, ತಯಾರಕರ ವಿಶ್ವ ಪ್ರಶಸ್ತಿಯೂ ಪೋರ್ಷೆಗೆ ಸಂದಿತು.

ಕುಂದೂ ಇತ್ತೆನ್ನಿ: ಚಾಲಕನ ಪಾದಗಳು ಮುಂದಿನ ಚಕ್ರಗಳ ಅಚ್ಚಿಗಿಂತ ಮುಂದಿದ್ದುದರಿಂದ ಅಮೆರಿಕದ ಕಾರು ಸ್ಪರ್ಧೆಗಳ ಸುರಕ್ಷತಾ ನಿಯಮ ಇದನ್ನು ಒಪ್ಪಲಿಲ್ಲ, ಅಚ್ಚನ್ನು ಮುಂದಕ್ಕೆ ಸರಿಸಿ 962 ಎಂಬ ಮುಂದಿನ ಮಾದರಿ ಕಟ್ಟಿದ್ದು ಆ ಕಾರಣಕ್ಕೇ. ಫಲಿತಾಂಶಗಳ ಜೊತೆಗೆ ಇಂಥ ತಾಂತ್ರಿಕ ಹಿನ್ನೆಲೆಗೂ ತಮ್ಮ ಪತ್ರಿಕೆ ತಿಂಗಳಿಗೊಮ್ಮೆಯಾದರೂ ಅರ್ಧ ಪುಟ ಮೀಸಲಿಡಬೇಕೆಂದು ಕೋರುತ್ತೇನೆ.

– ಓದುಗ, ಚಿಕ್ಕಮಗಳೂರು