₹3,500ಕ್ಕೆ ಬಾಡಿಗೆ ಮನೆ ಎಲ್ಲಿದೆ, ಶಾಸಕರೇ?

ಮಾನ್ಯ ಶಾಸಕರಿಗೆ ನಮಸ್ಕಾರ.

ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಿಗೆ ನಡೆದೇ ಹೋಗುವಷ್ಟು ಹತ್ತಿರದಲ್ಲಿ ನಮ್ಮ ಮನೆ. 30-40ರ ಸೈಟು. ಕೆಳಗೆ ನಾನಿದ್ದೇನೆ. ಮೇಲಿನ ಎರಡು ಮಹಡಿಯಲ್ಲಿ ನಾಲ್ಕು ಸಣ್ಣ ಮನೆ ಬಾಡಿಗೆಗೆ ಕೊಟ್ಟಿದ್ದೇನೆ. ನಮ್ಮ ಯಜಮಾನರು 31 ವರ್ಷ ಲೇತ್ ಮುಂದೆ ನಿಂತು ದುಡಿದವರು. ಕೆಲಸ ಬಿಡುವಾಗ ಕೈಗೆ ಬಂದ ದುಡ್ಡು, ಪಿಎಫ್, ಬ್ಯಾಂಕ್ ಸಾಲ, ನನ್ನ ಕೈಬಳೆ ಎಲ್ಲ ಸೇರಿ ಈ ಮನೆ ಎದ್ದಿತು. ಅವರು ತೀರಿಕೊಂಡು ಆರು ವರ್ಷ ಆಯಿತು. ಈಗ ಆ ನಾಲ್ಕು ಮನೆಯ ಬಾಡಿಗೆಯೇ ನನಗೆ ಪೆನ್ಷನ್.

ನಿಮ್ಮ ಹತ್ತಿರ ಮನೆ ಇಲ್ಲದವರು ಬಂದು ಕಷ್ಟ ಹೇಳಿಕೊಳ್ಳುತ್ತಾರೆ. ಬಾಡಿಗೆ ಕಟ್ಟಿ ಸಾಕಾದವರೂ ಬರುತ್ತಾರೆ. ಬಾಡಿಗೆಗೆ ಕೊಟ್ಟವರು ಬರುವುದು ಕಡಿಮೆ. ಓನರ್‌ಗೇನು ಕಷ್ಟ, ತಿಂಗಳಾದರೆ ದುಡ್ಡು ಬರುತ್ತದಲ್ಲ ಅಂತ ಎಲ್ಲರಿಗೂ ಅನ್ನಿಸುತ್ತದೆ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಬಾಡಿಗೆಯ ತಕರಾರು ಬಂದರೆ ಓನರ್, ಬಾಡಿಗೆಯವರು ಇಬ್ಬರೂ ಹೋಗಿ ಹೇಳಿಕೊಳ್ಳಲು ಹತ್ತಿರದಲ್ಲಿ ಒಂದು ಜಾಗ ಇಲ್ಲ ಅನ್ನುವುದೇ ನನ್ನ ಮಾತು. ನಿಮ್ಮ ಕ್ಷೇತ್ರದಲ್ಲಿ ನನ್ನ ಹಾಗೆ ಕೆಳಗೆ ತಾವಿದ್ದು ಮೇಲೆ ಬಾಡಿಗೆಗೆ ಕೊಟ್ಟವರು ಬೀದಿ ಬೀದಿಯಲ್ಲಿದ್ದಾರೆ.

ನಮ್ಮ ಬಾಡಿಗೆಯವರು ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ವರ್ಕ್‌ಶಾಪ್ ಹುಡುಗರು, ಒಂದು ಆಟೋ ಓಡಿಸುವವರ ಸಂಸಾರ. ಬೆಳಗ್ಗೆ ಐದೂವರೆಗೆ ನಾನು ಎದ್ದು ಮೋಟರ್ ಹಾಕಬೇಕು. ಏಳಕ್ಕೆಲ್ಲ ಅವರು ಡಬ್ಬಿ ಕಟ್ಟಿಕೊಂಡು ಹೊರಡುತ್ತಾರೆ. ಅಷ್ಟರೊಳಗೆ ಮೇಲಿನ ಟ್ಯಾಂಕ್ ತುಂಬದಿದ್ದರೆ ನಾಲ್ಕು ಮನೆಯ ಕೆಲಸವೂ ನಿಲ್ಲುತ್ತದೆ. 2024ರ ಮಾರ್ಚ್‌ನಲ್ಲಿ ನಮ್ಮ ಬೋರ್ ಪೂರ್ತಿ ಕೈ ಕೊಟ್ಟಿತು. ಟ್ಯಾಂಕರ್‌ನವರು ಬಾಯಿಗೆ ಬಂದ ರೇಟು ಹೇಳುತ್ತಿದ್ದರು. ಆಮೇಲೆ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ಗೊತ್ತು ಮಾಡಿತು, ಅದು ಒಳ್ಳೆಯದೇ ಆಯಿತು. ಆದರೆ ಆ ಎರಡು ತಿಂಗಳು ಟ್ಯಾಂಕರ್ ದುಡ್ಡು ಯಾರು ಎಷ್ಟು ಕೊಡಬೇಕು ಅಂತ ನಮ್ಮ ಮೆಟ್ಟಿಲ ಮೇಲೆ ದಿನಾ ಮಾತು ನಡೆಯುತ್ತಿತ್ತು. ಮೂರು ಜನ ಇರುವ ಮನೆಯವರು ಆರು ಜನ ಇರುವ ಮನೆಯವರಷ್ಟೇ ಯಾಕೆ ಕೊಡಬೇಕು? ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಅಗ್ರಿಮೆಂಟ್‌ನಲ್ಲಿ ನೀರಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಕೊನೆಗೆ ತಲೆ ಲೆಕ್ಕ ಹಾಕಿ ಹಂಚಿಕೊಂಡೆವು.

ಕರೆಂಟಿನದ್ದು ಇನ್ನೊಂದು ಕತೆ. ಗೃಹಜ್ಯೋತಿ ಬಂದ ಮೇಲೆ, ಅಂದರೆ 2023ರ ಆಗಸ್ಟ್‌ನಿಂದ, ನಮ್ಮ ಬಾಡಿಗೆಯವರಿಗೆ ಎಷ್ಟು ಅನುಕೂಲ ಆಗಿದೆ ಅಂತ ಕಣ್ಣಾರೆ ನೋಡಿದ್ದೇನೆ. ಬಾಡಿಗೆಯವರಿಗೂ ಸೌಲಭ್ಯ ಕೊಟ್ಟಿದ್ದಕ್ಕೆ ಸರ್ಕಾರಕ್ಕೆ ಧನ್ಯವಾದ ಹೇಳಲೇಬೇಕು. ಆದರೆ ಒಂದು ಸಂಸಾರ ಮನೆ ಖಾಲಿ ಮಾಡಿ ಊರಿಗೆ ಹೋಯಿತು. ಮೀಟರ್‌ಗೆ ಜೋಡಿಸಿದ್ದ ಅವರ ಆಧಾರ್ ಹಾಗೇ ಉಳಿಯಿತು. ಹೊಸದಾಗಿ ಬಂದವರು ಹಾಲು ಉಕ್ಕಿಸಿ ಒಳಗೆ ಬಂದರು, ಅವರ ಹೆಸರು ಸೇರಿಸಲು ಆಗಲಿಲ್ಲ. ನಾನು ಹಳೆಯವರಿಗೆ ಫೋನ್ ಮಾಡಿದೆ. ‘ನಿಮ್ಮ ಮೊಬೈಲ್‌ಗೆ ಒಂದು ಓಟಿಪಿ ಬರುತ್ತೆ, ಸ್ವಲ್ಪ ಹೇಳಮ್ಮ’ ಅಂದೆ. ಆ ಹುಡುಗಿ ಹೆದರಿಬಿಟ್ಟಳು. ‘ಆಂಟಿ, ಓಟಿಪಿ ಯಾರಿಗೂ ಹೇಳಬೇಡಿ ಅಂತಾರಲ್ಲ, ನಮ್ಮವರನ್ನು ಕೇಳಿ ಹೇಳ್ತೀನಿ’ ಅಂದಳು. ಅವಳು ಹೇಳಿದ್ದೂ ಸರಿಯೇ. ಅವಳ ಗಂಡ ಸಿಕ್ಕಿ, ಸೈಬರ್ ಸೆಂಟರ್‌ನಲ್ಲಿ ಕೂತು ಅದನ್ನು ಬಿಡಿಸುವಷ್ಟರಲ್ಲಿ ಮೂರು ತಿಂಗಳು ಹೋಯಿತು. ಅಷ್ಟೂ ತಿಂಗಳ ಬಿಲ್ಲನ್ನು ಹೊಸಬರೇ ಕಟ್ಟಿದರು.

ಸಂಪು ತೊಳೆಸುವುದು, ಚರಂಡಿ ಕಟ್ಟಿಕೊಂಡರೆ ಜನ ಹುಡುಕುವುದು, ಬಾಡಿಗೆಯವರ ವಿವರ ಸ್ಟೇಷನ್‌ಗೆ ಕೊಡುವುದು, ಇವೆಲ್ಲ ಇದ್ದದ್ದೇ. ಆಸ್ತಿ ತೆರಿಗೆಯಲ್ಲಿ ನಾವು ವಾಸ ಇರುವ ಭಾಗಕ್ಕಿಂತ ಬಾಡಿಗೆಗೆ ಕೊಟ್ಟ ಭಾಗಕ್ಕೆ ದರ ದುಪ್ಪಟ್ಟು. ಅದನ್ನೂ ಕಟ್ಟುತ್ತಿದ್ದೇನೆ. ಇದನ್ನೆಲ್ಲ ದೂರು ಅಂತ ಹೇಳುತ್ತಿಲ್ಲ.

ನಾನು ನಿಮ್ಮನ್ನು ಕೇಳಬೇಕಾದ ವಿಷಯ ಬೇರೆ.

ಎರಡನೇ ಮಹಡಿಯ ಒಂದು ಮನೆಯಲ್ಲಿ ಗಂಡ, ಹೆಂಡತಿ, ಒಬ್ಬಳು ಮಗಳು ಇದ್ದರು. ಬಾಡಿಗೆ ₹8,500. ಅಡ್ವಾನ್ಸ್ ₹50,000. ಒಂದೂವರೆ ವರ್ಷ ಐದನೇ ತಾರೀಕಿಗೆ ಸರಿಯಾಗಿ ಬಾಡಿಗೆ ಕೊಟ್ಟರು. ಆಮೇಲೆ ಆತನ ಕೆಲಸ ಹೋಯಿತು. ಮೊದಲ ತಿಂಗಳು ‘ಮುಂದಿನ ತಿಂಗಳು ಸೇರಿಸಿ ಕೊಡ್ತೀವಿ ಅಮ್ಮ’ ಅಂದರು. ಸರಿ ಅಂದೆ, ಯಾರಿಗೆ ಕಷ್ಟ ಬರುವುದಿಲ್ಲ? ಹೀಗೇ ಆರು ತಿಂಗಳು ಕಳೆದು ಅಡ್ವಾನ್ಸ್ ಪೂರ್ತಿ ಮುಗಿಯಿತು. ಆಮೇಲೆ ಫೋನ್ ಎತ್ತುವುದನ್ನು ಬಿಟ್ಟರು. ಮೆಟ್ಟಿಲು ಹತ್ತಿ ಹೋದರೆ ಬಾಗಿಲ ಮುಂದೆ ಮೂರು ಜೊತೆ ಚಪ್ಪಲಿ ಇರುತ್ತಿತ್ತು. ಒಳಗೆ ಟಿವಿ ಸದ್ದು ಥಟ್ಟನೆ ನಿಲ್ಲುತ್ತಿತ್ತು. ಬಾಗಿಲು ಮಾತ್ರ ತೆಗೆಯುತ್ತಿರಲಿಲ್ಲ. ನನ್ನದೇ ಮನೆಯ ಬಾಗಿಲು ಬಡಿದು ವಾಪಸ್ ಇಳಿಯುವಾಗ ಕಾಲು ನಡುಗುತ್ತಿತ್ತು.

ವಕೀಲರನ್ನು ಕೇಳಿದೆ. 15 ದಿನದ ನೋಟಿಸ್ ಕೊಡಬೇಕು, ಆಮೇಲೆ ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ ದಾವೆ ಹಾಕಬೇಕು ಅಂದರು. ಎಷ್ಟು ದಿನ ಆಗುತ್ತೆ ಅಂತ ಕೇಳಿದರೆ ಹೇಳಲು ಆಗಲ್ಲ ಅಂದರು. ಖರ್ಚಿನ ಮೊದಲ ಕಂತೇ ನನ್ನ ಮೂರು ತಿಂಗಳ ಬಾಡಿಗೆಯಷ್ಟು. ಪೊಲೀಸರು ಇದು ಸಿವಿಲ್ ವಿಷಯ ಅಂದರು, ಅದು ನಿಜ. ಬೀದಿಯವರು ಬೇರೆ ದಾರಿ ಹೇಳಿಕೊಟ್ಟರು. ‘ಸುಮ್ನೆ ನೀರು ನಿಲ್ಲಿಸಿ, ಎರಡೇ ದಿನಕ್ಕೆ ಗಂಟುಮೂಟೆ ಕಟ್ಟುತ್ತಾರೆ’ ಅಂದರು. ಒಂದು ಸಂಜೆ ಆ ಮನೆಗೆ ಹೋಗುವ ವಾಲ್ವ್ ತಿರುಗಿಸಲು ತಾರಸಿಗೆ ಹೋದೆ, ಮುಚ್ಚಿಡುವುದಿಲ್ಲ. ಟ್ಯಾಂಕ್ ಪಕ್ಕದ ತಂತಿಯ ಮೇಲೆ ಆ ಹುಡುಗಿಯ ಸ್ಕೂಲ್ ಯೂನಿಫಾರ್ಮ್ ಒಣಗುತ್ತಿತ್ತು. ಅವಳಿಗೆ ಹತ್ತನೇ ಕ್ಲಾಸಿನ ಪರೀಕ್ಷೆ ಹತ್ತಿರ ಬಂದಿತ್ತು. ಮುಟ್ಟದೆ ಕೆಳಗೆ ಬಂದೆ.

ಒಟ್ಟು 11 ತಿಂಗಳು ಬಾಡಿಗೆ ಬರಲಿಲ್ಲ. ಅಡ್ವಾನ್ಸ್ ಕಳೆದು ನನಗೆ ₹43,500 ನಷ್ಟ. ಪರೀಕ್ಷೆ ಮುಗಿದ ವಾರ ಅವರೇ ಖಾಲಿ ಮಾಡಿದರು. ಆ ಹೆಂಗಸು ಹೋಗುವಾಗ ಅತ್ತಳು, ನಾನೂ ಅತ್ತೆ. ಅವರನ್ನು ಕೆಟ್ಟವರು ಅಂತ ಹೇಳಲು ನನಗೆ ಮನಸ್ಸಿಲ್ಲ. ಯಾರಾದರೂ ಒಬ್ಬ ಅಧಿಕಾರಿ ಎರಡನೇ ತಿಂಗಳಲ್ಲೇ ನಮ್ಮನ್ನು ಎದುರು ಬದುರು ಕೂರಿಸಿ, ‘ಇಷ್ಟು ಕಂತಿನಲ್ಲಿ ಕೊಡಿ, ಇಲ್ಲವೇ ಇಷ್ಟು ದಿನದಲ್ಲಿ ಖಾಲಿ ಮಾಡಿ’ ಅಂದಿದ್ದರೆ ಇಬ್ಬರ ಮರ್ಯಾದೆಯೂ ಉಳಿಯುತ್ತಿತ್ತು.

ಹಾಗೆ ಹೋಗಿ ಕೂರಲು ನಮಗೆ ಒಂದು ಜಾಗ ಯಾಕಿಲ್ಲ ಅಂತ ತಿಳಿದುಕೊಳ್ಳಲು ಹೊರಟೆ. ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು, ಜಾರಿಗೆ ಬಂದಿದ್ದು 2001ರ ಕೊನೆಯಲ್ಲಿ. ಬೆಂಗಳೂರಿನಂಥ ಊರಲ್ಲಿ ತಿಂಗಳ ಬಾಡಿಗೆ ₹3,500ಕ್ಕಿಂತ ಜಾಸ್ತಿ ಇರುವ ಮನೆಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಸಣ್ಣ ಊರುಗಳಲ್ಲಿ ಆ ಮಿತಿ ₹2,000. ಕಾಯ್ದೆ ಬಂದ ಕಾಲಕ್ಕೆ ಅದು ಸರಿ ಇತ್ತು. ಆಗ ನಮ್ಮ ಬೀದಿಯಲ್ಲಿ ₹3,500 ಮುಟ್ಟುವಷ್ಟು ಜಾಸ್ತಿ ಬಾಡಿಗೆಯ ಮನೆ ಒಂದೂ ಇರಲಿಲ್ಲ. ಬಡವರಿಗೆ ರಕ್ಷಣೆ ಇರಲಿ, ದೊಡ್ಡ ಬಂಗಲೆಯವರು ತಮ್ಮದು ತಾವು ನೋಡಿಕೊಳ್ಳಲಿ ಅಂತ ಹಾಗೆ ಬರೆದಿರಬೇಕು. ಈಗ ಗಾರ್ಮೆಂಟ್ಸ್ ಹುಡುಗಿಯ ಒಂದು ರೂಮು ಒಂದು ಅಡುಗೆಮನೆಯೂ ಆ ಮಿತಿ ದಾಟಿ ಹೊರಗೆ ಬಿದ್ದಿದೆ. ₹3,500ಕ್ಕೆ ಸಂಸಾರ ಇರುವಂಥ ಮನೆ ನಿಮ್ಮ ಕ್ಷೇತ್ರದಲ್ಲಿ ಎಲ್ಲಾದರೂ ಸಿಗುತ್ತಾ, ನೀವೇ ಹೇಳಿ. ಹೀಗಾಗಿ ನಮ್ಮಂಥವರ ತಕರಾರೆಲ್ಲ 1882ರ ಆಸ್ತಿ ವರ್ಗಾವಣೆ ಕಾಯ್ದೆಯಡಿ ಮಾಮೂಲಿ ಸಿವಿಲ್ ದಾವೆಯಾಗಿ ನಡೆಯಬೇಕು. ಎಂಟು ಸಾವಿರ ಬಾಡಿಗೆಯ ಜಗಳಕ್ಕೆ ಆ ದಾರಿ ತುಂಬಾ ದೂರ.

ನನ್ನ ಮಗ ಹೊಸೂರಿನಲ್ಲಿ ಕೆಲಸದಲ್ಲಿದ್ದಾನೆ, ಅಲ್ಲೇ ಬಾಡಿಗೆಗೆ ಇದ್ದಾನೆ. ಅತ್ತಿಬೆಲೆ ದಾಟಿದರೆ ಬೇರೆ ಕಾನೂನು. ತಮಿಳುನಾಡಿನಲ್ಲಿ 2017ರಲ್ಲಿ ಮಾಡಿದ ಬಾಡಿಗೆ ಕಾಯ್ದೆ 2019ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಅಗ್ರಿಮೆಂಟನ್ನು ಬಾಡಿಗೆ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು, ಅದಕ್ಕೊಂದು ನಂಬರ್ ಕೊಡುತ್ತಾರೆ. ಅವನ ಅಗ್ರಿಮೆಂಟ್ ಮೇಲೆ ಆ ನಂಬರ್ ನೋಡಿದೆ. ನಮ್ಮ ಕಡೆ ಏನು ಮಾಡುತ್ತೇವೆ? ಒಂದು ವರ್ಷಕ್ಕಿಂತ ಜಾಸ್ತಿಯಾದರೆ ನೋಂದಣಿ ಮಾಡಿಸಬೇಕಲ್ಲ ಅಂತ 11 ತಿಂಗಳಿಗೆ ಬರೆಸುತ್ತೇವೆ. ಟೈಪ್ ಮಾಡುವ ಅಂಗಡಿಯವರು ಹಳೇ ಫೈಲ್ ತೆಗೆದು ಹೆಸರು ಬದಲಾಯಿಸಿ ಕೊಡುತ್ತಾರೆ. ಅದೂ ಇಂಗ್ಲಿಷ್‌ನಲ್ಲಿ. ಸಹಿ ಹಾಕುವ ಇಬ್ಬರಿಗೂ ಓದಲು ಬರದ ಕಾಗದ ಅದು.

ಕೇಂದ್ರ ಸಂಪುಟ 2021ರ ಜೂನ್ 2ರಂದು ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟು ರಾಜ್ಯಗಳಿಗೆ ಕಳಿಸಿತು. ಅದರಲ್ಲಿ ಡೆಪ್ಯುಟಿ ಕಲೆಕ್ಟರ್ ದರ್ಜೆಯ ಅಧಿಕಾರಿ ಬಾಡಿಗೆ ಪ್ರಾಧಿಕಾರ ಆಗಿರುತ್ತಾರೆ. ಬಾಡಿಗೆ ನ್ಯಾಯಾಲಯ 60 ದಿನದೊಳಗೆ ತಕರಾರು ತೀರಿಸಲು ನೋಡಬೇಕು. ಓನರ್ ನೀರು, ಕರೆಂಟ್ ನಿಲ್ಲಿಸುವಂತಿಲ್ಲ. ಮನೆ ನೋಡಲು ಹೋಗಬೇಕಾದರೆ 24 ಗಂಟೆ ಮೊದಲೇ ತಿಳಿಸಬೇಕು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಕೇಳುವಂತಿಲ್ಲ.

ಎರಡೇ ತಿಂಗಳು ಅಂದಾಗ ನಮ್ಮ ಬೀದಿಯ ಓನರ್‌ಗಳೆಲ್ಲ ಗಾಬರಿ ಬಿದ್ದರು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ರೂಢಿ ಇತ್ತು, ಈಗ ಐದಾರಕ್ಕೆ ಇಳಿದಿದೆ. ಅಷ್ಟು ದುಡ್ಡು ಹೊಂದಿಸಲು ಹೆಣ್ಣುಮಕ್ಕಳು ಚೀಟಿ ಎತ್ತುತ್ತಾರೆ, ಓಲೆ ಅಡ ಇಡುತ್ತಾರೆ. ಖಾಲಿ ಮಾಡುವಾಗ ಸುಣ್ಣಬಣ್ಣದ ಹೆಸರಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯುವ ಓನರ್‌ಗಳಿದ್ದಾರೆ. ಬಣ್ಣ ಹೊಡೆಸದೆಯೇ ಹಿಡಿಯುವವರೂ ಇದ್ದಾರೆ. ಅದು ಅನ್ಯಾಯ, ನಮ್ಮವರದ್ದೇ ಅನ್ಯಾಯ. ಬಾಡಿಗೆಯವರು ಅದನ್ನು ಯಾರಿಗೆ ಹೇಳಬೇಕು? ಅವರಿಗೂ ಆ ಸಿವಿಲ್ ದಾವೆಯೇ ಗತಿ. ನಾನು ಆರು ತಿಂಗಳ ಅಡ್ವಾನ್ಸ್ ತೆಗೆದುಕೊಳ್ಳುವುದು ದುರಾಸೆಯಿಂದಲ್ಲ ಸರ್, ಹೆದರಿಕೆಯಿಂದ. ಬಾಡಿಗೆ ನಿಂತರೆ ಕೇಳುವವರಿಲ್ಲ ಅನ್ನುವ ಹೆದರಿಕೆ. ಎರಡು ತಿಂಗಳಲ್ಲಿ ತೀರ್ಮಾನ ಸಿಗುತ್ತದೆ ಅಂತ ಗೊತ್ತಾದರೆ ನಾಳೆಯೇ ಎರಡು ತಿಂಗಳ ಅಡ್ವಾನ್ಸ್‌ಗೆ ಮನೆ ಕೊಡುತ್ತೇನೆ. ಈ ಮಾತನ್ನು ಬರೆದು ಸಹಿ ಹಾಕಿಕೊಡಲೂ ಸಿದ್ಧ.

ಮುಂದಿನ ಅಧಿವೇಶನದಲ್ಲಿ ಈ ವಿಷಯವನ್ನು ನೀವು ಎತ್ತಬೇಕು. ಆ ₹3,500ರ ಮಿತಿಯನ್ನು ಈಗಿನ ಬಾಡಿಗೆಗೆ ತಕ್ಕಂತೆ ಏರಿಸಲಿ, ಇಲ್ಲವೇ ಹೊಸ ಕಾಯ್ದೆಯನ್ನೇ ತರಲಿ. ಯಾವುದಾದರೂ ಸರಿ. ವಕೀಲರಿಲ್ಲದೆ ಓನರ್, ಬಾಡಿಗೆಯವರು ಇಬ್ಬರೂ ಹೋಗಿ ಕೂರುವಂಥ ಕಚೇರಿ ನಮ್ಮ ಹತ್ತಿರದಲ್ಲಿ ಇರಲಿ. ಭಾನುವಾರವೂ ತೆರೆದಿರಲಿ, ಯಾಕೆಂದರೆ ಗಾರ್ಮೆಂಟ್ಸ್‌ನವರಿಗೆ ವಾರದ ದಿನ ಒಂದು ರಜೆ ಹಾಕಿದರೆ ಒಂದು ದಿನದ ಸಂಬಳ ಹೋಗುತ್ತದೆ. ಅಗ್ರಿಮೆಂಟ್‌ನ ನಮೂನೆ ಕನ್ನಡದಲ್ಲಿರಲಿ. ಅದರಲ್ಲಿ ನೀರಿನ ಹಂಚಿಕೆ, ಸುಣ್ಣಬಣ್ಣದ ಖರ್ಚು, ಖಾಲಿ ಮಾಡುವಾಗ ಕರೆಂಟ್ ಮೀಟರ್‌ನಿಂದ ಆಧಾರ್ ಬಿಡಿಸುವುದು, ಎಲ್ಲಕ್ಕೂ ಒಂದೊಂದು ಸಾಲು ಇರಲಿ.

ಮುಂದಿನ ತಿಂಗಳು ಮೊದಲ ಮಹಡಿಯ ಒಂದು ಮನೆ ಖಾಲಿಯಾಗುತ್ತಿದೆ. ಟು-ಲೆಟ್ ಬೋರ್ಡ್ ಒರೆಸಿ ಇಟ್ಟಿದ್ದೇನೆ. ನಿನ್ನೆ ಒಬ್ಬ ಹುಡುಗಿ ತಂಗಿಯನ್ನು ಕರೆದುಕೊಂಡು ಬಂದು ಮನೆ ನೋಡಿ ಹೋದಳು. ‘ಅಡ್ವಾನ್ಸ್ ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ ಆಂಟಿ’ ಅಂದಳು. ನೋಡೋಣ ಅಂದೆ. ನೀವು ಸಾರ್ವಜನಿಕರನ್ನು ನೋಡುವ ದಿನ ಹಳೇ ಅಗ್ರಿಮೆಂಟ್, ಬಾಡಿಗೆ ಲೆಕ್ಕದ ಪುಸ್ತಕ ಎರಡನ್ನೂ ಹಿಡಿದು ನಿಮ್ಮ ಕಚೇರಿಗೆ ಬರುತ್ತೇನೆ. ನಮ್ಮ ಬಾಡಿಗೆಯವರಲ್ಲಿ ಇಬ್ಬರು ಜೊತೆಗೆ ಬರುತ್ತೇವೆ ಅಂದಿದ್ದಾರೆ. ಹತ್ತು ನಿಮಿಷ ಸಮಯ ಕೊಡಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು