‘ಕ್ರಾಸ್ ರೋಡ್ಸ್’ ಬಗ್ಗೆ ಬರೆಯಹೊರಟ ತಂಗಿಗೆ

ಪ್ರೀತಿಯ ತಂಗಿ,

‘ಕ್ರಾಸ್ ರೋಡ್ಸ್’ ವಾರಪತ್ರಿಕೆಯ ಬಗ್ಗೆ ನೀನು ಬರೆದ ಕರಡು ಓದಿದೆ. ಬರವಣಿಗೆಯಲ್ಲಿ ಕೆಚ್ಚಿದೆ, ಖುಷಿಯಾಯಿತು. ಆದರೆ ಮದ್ರಾಸ್ ಸರ್ಕಾರದ ನಿಷೇಧದ ವಿರುದ್ಧ ಅದರ ಸಂಪಾದಕ ರೊಮೇಶ್ ಥಾಪರ್ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು ಎನ್ನುವಲ್ಲಿಗೆ ನಿಲ್ಲಿಸಿಬಿಟ್ಟಿದ್ದೀಯ. ಅಲ್ಲಿಗೆ ಅರ್ಧ ಕತೆಯಷ್ಟೇ ಆಯಿತು.

ಮೊದಲು ಆ ನಿಷೇಧದ ಆದೇಶವನ್ನು ಮುಂದಿಟ್ಟುಕೊಂಡು ಓದು. ತಾರೀಖು 1950ರ ಮಾರ್ಚ್ 1. ಸಂವಿಧಾನ ಜಾರಿಗೆ ಬಂದು ಐದು ವಾರವೂ ತುಂಬಿರಲಿಲ್ಲ. ಬಾಂಬೆಯಲ್ಲಿ ಅಚ್ಚಾಗುವ ಈ ಇಂಗ್ಲಿಷ್ ಎಡಪಂಥೀಯ ಪತ್ರಿಕೆ ನಮ್ಮ ರಾಜ್ಯದೊಳಗೆ ಬರಕೂಡದು, ಅದನ್ನು ಮಾರಕೂಡದು, ಹಂಚಕೂಡದು ಎಂದು ಮದ್ರಾಸ್ ಸರ್ಕಾರ ಹೇಳಿತು. ಯಾವ ಲೇಖನ ತಪ್ಪು, ಯಾವ ಸಾಲು ಅಪಾಯ ಎಂದು ಅದರಲ್ಲಿ ಒಂದು ಮಾತೂ ಇಲ್ಲ. ನೀನು ಹಿಂದಿನ ತಿಂಗಳ ಸೇಲಂ ಜೈಲಿನ ಗೋಲಿಬಾರನ್ನು ತಂದು ‘ಇದಕ್ಕೇ ನಿಷೇಧ’ ಎಂದು ಬರೆದಿದ್ದೀಯ. 22 ಕಮ್ಯುನಿಸ್ಟ್ ಕೈದಿಗಳು ಸತ್ತ ಆ ಘಟನೆಯನ್ನು ಹೇಳಲೇಬೇಕು. ಆಗಿನ ಮದ್ರಾಸ್ ಹೇಗೆ ಕುದಿಯುತ್ತಿತ್ತು ಎಂದು ಓದುಗರಿಗೆ ಗೊತ್ತಾಗುತ್ತದೆ. ಆದರೆ ಆದೇಶದಲ್ಲಿ ಇಲ್ಲದ ಕಾರಣವನ್ನು ನೀನು ಅದರ ಬಾಯಿಗೆ ತುರುಕಬೇಡ. ಸುವ್ಯವಸ್ಥೆಯ ಹೆಸರು ಬಿಟ್ಟರೆ ನಿರ್ದಿಷ್ಟ ಕಾರಣವನ್ನೇ ಹೇಳದೆ ನಿಷೇಧಿಸಿದರು ಅನ್ನುವುದು ಅದಕ್ಕಿಂತ ಜಾಸ್ತಿ ಕೆಟ್ಟ ಸಂಗತಿ, ಅಲ್ವಾ?

ನೀನು ಕರಾವಳಿಯವಳು. ಆಗಿನ ನಕ್ಷೆ ತೆಗೆದು ನೋಡು. ಮಂಗಳೂರು, ಉಡುಪಿ, ಕುಂದಾಪುರ ಎಲ್ಲ ಮದ್ರಾಸ್ ರಾಜ್ಯದಲ್ಲಿದ್ದವು. ಬಳ್ಳಾರಿಯೂ ಅಷ್ಟೆ. ಭಟ್ಕಳದಿಂದ ಆಚೆಗೆ ಉತ್ತರ ಕನ್ನಡ ಬಾಂಬೆಯದು. ಅಂದರೆ ಭಟ್ಕಳದಲ್ಲಿ ರಾಜಾರೋಷವಾಗಿ ಓದಬಹುದಾದ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಬೈಂದೂರಿಗೆ ಹೊರಟರೆ, ಗಡಿ ದಾಟಿದ ಕೂಡಲೇ ಅದು ನಿಷೇಧಿತ ಮಾಲು. ದೆಹಲಿಯ ಕೋರ್ಟಿನ ಕತೆ ನಮ್ಮ ಓದುಗರಿಗೆ ತಟ್ಟುವುದು ಇಲ್ಲಿ. ಇದಕ್ಕೆ ಧಾರಾಳವಾಗಿ ಜಾಗ ಕೊಡು. ಪ್ರಸಾರವಿಲ್ಲದೆ ಪ್ರಕಟಣೆಗೆ ಅಷ್ಟೇನೂ ಬೆಲೆಯಿಲ್ಲ ಎಂಬ ನ್ಯಾಯಮೂರ್ತಿ ಪತಂಜಲಿ ಶಾಸ್ತ್ರಿಗಳ ವಾದವೂ ಆಗ ಸಲೀಸಾಗಿ ಅರ್ಥವಾಗುತ್ತದೆ. ಅಚ್ಚು ಹಾಕುವುದನ್ನು ಮದ್ರಾಸ್ ಸರ್ಕಾರ ತಡೆದಿರಲಿಲ್ಲ, ಓದುಗರ ಕೈಗೆ ಸಿಗುವುದನ್ನು ತಡೆದಿತ್ತು.

ತೀರ್ಪು ಬಂದದ್ದು ಮೇ 26ಕ್ಕೆ. ಆರು ನ್ಯಾಯಮೂರ್ತಿಗಳಲ್ಲಿ ಐವರು ಥಾಪರ್ ಪರ ನಿಂತರು. ದೇಶದ ಭದ್ರತೆಗೇ ಧಕ್ಕೆ ತರುವ ಮಾತನ್ನು ತಡೆಯಲು ವಾಕ್ ಸ್ವಾತಂತ್ರ್ಯದ ಮಿತಿಗಳನ್ನು ಹೇಳುವ ಸಂವಿಧಾನದ ಆಗಿನ 19(2)ನೇ ವಿಧಿಯಲ್ಲಿ ಅವಕಾಶವಿತ್ತು. ಸುಮ್ನೆ ಶಾಂತಿ-ಸುವ್ಯವಸ್ಥೆಯ ಹೆಸರು ಹೇಳಿ ತಡೆಯಲು ಇರಲಿಲ್ಲ. ನಿಷೇಧಕ್ಕೆ ಬಳಸಿದ್ದ ಮದ್ರಾಸ್ ಕಾಯ್ದೆಯ ಕಲಂ ಬಿದ್ದದ್ದು ಅಲ್ಲೇ.

ಅದೇ ದಿನ ಅದೇ ಕೋರ್ಟು ದೆಹಲಿಯ ‘ಆರ್ಗನೈಸರ್’ ಮೇಲಿದ್ದ ಪೂರ್ವ ಸೆನ್ಸಾರ್ ಆದೇಶವನ್ನೂ ರದ್ದು ಮಾಡಿತು. ಅದು ಆರೆಸ್ಸೆಸ್ ಒಲವಿನ ಪತ್ರಿಕೆ. ನೀನು ಇದನ್ನು ಬಿಟ್ಟಿದ್ದೀಯ. ಯಾಕೆ ಬಿಟ್ಟೆ ಅಂತಲೂ ನನಗೆ ಗೊತ್ತು. ದಯವಿಟ್ಟು ಸೇರಿಸು. ನಿನಗೆ ಆಗದವರಿಗೂ ಅದೇ ಹಕ್ಕು ಸಿಕ್ಕಿತು ಅನ್ನುವುದನ್ನು ಮುಚ್ಚಿಟ್ಟರೆ, ಥಾಪರ್ ಪರ ನೀನು ಆಡುವ ಮಾತನ್ನು ಯಾರು ನಂಬುತ್ತಾರೆ?

ಆಮೇಲೆ ಬರುವುದು ನೀನು ಬರೆಯದ ಅರ್ಧ. ಗೆಲುವು ಉಳಿದದ್ದು ಒಂದು ವರ್ಷ ಚಿಲ್ಲರೆ. 1951ರ ಜೂನ್‌ನಲ್ಲಿ ಸಂವಿಧಾನದ ಮೊದಲ ತಿದ್ದುಪಡಿ ಬಂತು. ಸಾರ್ವಜನಿಕ ಸುವ್ಯವಸ್ಥೆಯೂ 19(2)ರೊಳಗೆ ಸೇರಿತು, ಅದೂ ಮೊದಲಿನಿಂದಲೇ ಇತ್ತು ಎಂಬಂತೆ. ಮಸೂದೆ ತಂದವರು ನೆಹರೂ. ಸಂಸತ್ತಿನಲ್ಲಿ ಅದನ್ನು ಗಟ್ಟಿಯಾಗಿ ವಿರೋಧಿಸಿದವರಲ್ಲಿ ಶ್ಯಾಮ ಪ್ರಸಾದ್ ಮುಖರ್ಜಿ ಒಬ್ಬರು. ಆದರೆ ನಿರ್ಬಂಧ ಸಮಂಜಸವಾಗಿರಬೇಕು ಎಂಬ ಷರತ್ತು ಸೇರಿದ್ದೂ ಅದೇ ತಿದ್ದುಪಡಿಯಿಂದ. ಇಂದಿಗೂ ಕೋರ್ಟುಗಳು ಪತ್ರಕರ್ತರ ಕೈಹಿಡಿಯುವುದು ಆ ಷರತ್ತಿನ ಬಲದಿಂದಲೇ. ನೆಹರೂ ಅವರನ್ನು ಬೈಯುವ ಉತ್ಸಾಹದಲ್ಲಿ ಅದನ್ನು ಮರೆಯಬೇಡ.

ಥಾಪರ್ ದಂಪತಿ 1959ರಲ್ಲಿ ಶುರು ಮಾಡಿದ ‘ಸೆಮಿನಾರ್’ ಮಾಸಿಕದ ಬಗ್ಗೆಯೂ ಒಂದು ಪ್ಯಾರಾ ಇರಲಿ. ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ಅಚ್ಚಿಗೆ ಮೊದಲೇ ಸೆನ್ಸಾರಿಗೆ ತೋರಿಸಿ ಎಂದಾಗ ಅವರು ಪತ್ರಿಕೆಯನ್ನೇ ನಿಲ್ಲಿಸಿದರು.

ತೀರ್ಪು ಚಿಕ್ಕದು, ಒಂದೇ ಕೂರಿಕೆಯಲ್ಲಿ ಓದಿ ಮುಗಿಸಬಹುದು. ಒಪ್ಪದ ಒಬ್ಬರು ಫಜಲ್ ಅಲಿ. ಅವರು ಇಲ್ಲಿ ಕಾರಣ ಬಿಡಿಸಿ ಹೇಳಿಲ್ಲ, ಅದೆಲ್ಲ ‘ಆರ್ಗನೈಸರ್’ ತೀರ್ಪಿನಲ್ಲಿದೆ. ಅದನ್ನೂ ಓದಿದ ಮೇಲೆ ಎರಡನೇ ಕರಡು ಕಳಿಸು. ಕಾಯುತ್ತಿರುತ್ತೇನೆ.

ನಿನ್ನ ಅಕ್ಕ