ಹೊಸ ಮಕ್ಕಳ ತಂದೆ-ತಾಯಂದಿರಿಗೆ: ದೀಪಾವಳಿವರೆಗೆ ಮಕ್ಕಳನ್ನು ಹಾಡು ಅಂತ ಕೇಳಬೇಡಿ

ಎಲ್ಲರಿಗೂ ಶರಣು ಶರಣಾರ್ಥಿ.

ಸೋಮವಾರದಿಂದ ನಿಮ್ಮ ಮಕ್ಕಳು ನಮ್ಮ ಹಿಂದೂಸ್ತಾನಿ ಸಂಗೀತ ಪಾಠಶಾಲೆಗೆ ಬರುತ್ತಾರೆ. ಕೆಲವರು ಇಲ್ಲೇ ಸೂಪರ್ ಮಾರ್ಕೆಟ್ ಹತ್ತಿರದವರು. ಕೆಲವರು ಶಹಾಬಾದಿನಿಂದ ರೈಲು ಹತ್ತಿ ಬರುವವರು. ಇಬ್ಬರು ಆಳಂದದಿಂದ ಬಸ್ಸಿನಲ್ಲಿ ಬರ್ತಾರಂತೆ. ಫೀ ಕಟ್ಟುವಾಗ ನಿಮ್ಮಲ್ಲಿ ಮುಕ್ಕಾಲು ಮಂದಿ ಕೇಳಿದ್ದು ಒಂದೇ ಮಾತು: "ಸರ್, ಯಾವಾಗಿಂದ ಹಾಡ್ತಾನ್ರೀ?" ಹಿಂದೆ ಸಾಲು ಇತ್ತು, ನಿಂತು ಉತ್ತರ ಹೇಳೋಕೆ ಆಗಲಿಲ್ಲ. ಅದಕ್ಕೇ ಈ ಪತ್ರ.

ದೀಪಾವಳಿವರೆಗೆ ಹಾಡು ಕೇಳಬೇಡಿ. ಮನೆಗೆ ಬೀಗರು ಬಂದರೂ ಕೇಳಬೇಡಿ. "ಬಾ ಪುಟ್ಟಾ, ಮಾಮಾಗೆ ಒಂದು ಹಾಡು ಹೇಳು" ಅಂತ ಕರೆದು ಕೂರಿಸಬೇಡಿ.

ಮೊದಲ ಆರು ವಾರ ನಾವು ಹಾಡಿಸುವುದು ಸಾ ಮಾತ್ರ. ಒಂದು ಉಸಿರಿಗೆ ಒಂದು ಸಾ. ಆಮೇಲೆ ಪಲ್ಟಾ: ಸಾರೇಗ, ರೇಗಮ, ಗಮಪ, ಹೀಗೆ ಮೇಲೆ ಹೋಗಿ ಕೆಳಗೆ ಬರೋದು. ಅದು ಕೈಗೆ ಬಂದ ಮೇಲೆ ರಾಗ ಭೂಪ್. ಅದರಲ್ಲಿ ಐದೇ ಸ್ವರ, ಮ ಮತ್ತು ನಿ ಇಲ್ಲ. ಮಕ್ಕಳಿಗೆ ಸುಲಭ ಅಂತ ಅದನ್ನೇ ಮೊದಲು ಹೇಳಿಕೊಡ್ತೀವಿ. ಆದರೆ ಚೆನ್ನಾಗಿ ಹಾಡೋದು ಸುಲಭ ಅಲ್ಲ, ಅದು ಬೇರೆ ವಿಷಯ.

ಪಕ್ಕದ ಕೋಣೆಯಲ್ಲಿ ಕೂತು ಕೇಳುವವರಿಗೆ ಇದು ಬೇಜಾರು. ಹೋದ ವರ್ಷ ಒಬ್ಬ ತಾಯಿ, "ಕುಕ್ಕರ್ ಸೀಟಿನೂ ಅದೇ, ಮಗಳ ಸಾನೂ ಅದೇ ಆಗೇದ್ರೀ ನಮ್ಮನ್ಯಾಗ" ಅಂದರು. ಅವರ ಮಗಳಿಗೆ ಒಂಬತ್ತು ವರ್ಷ. ಐದನೇ ವಾರ ಕ್ಲಾಸಿಗೆ ಬಂದವಳೇ, "ಸರ್, ನಮ್ಮನಿ ಫ್ಯಾನ್ ಸಾ ಸ್ವರದಾಗೈತಿ. ಮೂರರ ಮ್ಯಾಲಿಟ್ರ ಮಾತ್ರ" ಅಂದಳು. ನಾನು ಚಾಕ್ ಕೆಳಗಿಟ್ಟೆ. ಕಿವಿ ಬಂತು ಅಂತ ಗೊತ್ತಾಗೋದು ಹೀಗೆ. ಗ್ಯಾದರಿಂಗ್ ಸ್ಟೇಜಿನ ಮೇಲೆ ಇದು ಕಾಣುವುದಿಲ್ಲ.

ಈಗ ನನ್ನ ಕಥೆ. ಗಂಡುಮಕ್ಕಳ ತಂದೆ-ತಾಯಂದಿರು ಇದನ್ನು ಸ್ವಲ್ಪ ಗಮನ ಕೊಟ್ಟು ಓದಿ.

ನಮ್ಮದು ಭಜನೆ ಮನೆತನ. ಊರ ಜಾತ್ರೆಯಲ್ಲಿ ಮೊದಲ ವಚನ ನನ್ನದೇ. ಅಷ್ಟು ಸೊಕ್ಕು ಇತ್ತು ನನಗೆ. ಹದಿಮೂರನೇ ವರ್ಷಕ್ಕೆ ಗಂಟಲು ಒಡೆಯೋಕೆ ಶುರುವಾಯಿತು. ಕಲಿಸುವವರಿಗೆ ಹೇಳಿದರೆ, "ನೆಗಡಿ, ಹೋಗ್ತದ" ಅಂದರು. ಜಾತ್ರೆಯ ದಿನ ಹಾರ್ಮೋನಿಯಂ ಎಂದಿನಂತೆ ಕಪ್ಪು ಐದಕ್ಕೇ, ಅಂದರೆ ಐದನೇ ಕಪ್ಪು ಕೀಯ ಎತ್ತರದ ಶ್ರುತಿಗೇ ಹಿಡಿದರು. ಮೊದಲ ಸಾಲು ಹೇಗೋ ದಾಟಿತು. ಮೇಲಿನ ಸಾಗೆ ಹೋದಾಗ ಒಂದು ದನಿ ಹೋಗಿ ಎರಡಾಯಿತು, ಹುಂಜದ ಮರಿ ಕೂಗೋಕೆ ಕಲಿಯುವಾಗ ಮಾಡುತ್ತಲ್ಲ, ಹಾಗೆ. ಅದೂ ಮೈಕಿನಲ್ಲಿ, ಇಡೀ ಊರಿಗೆ. ಮನೆಗೆ ಬಂದರೆ ಅಜ್ಜಿ ಉಪ್ಪು-ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದಳು. ಮರುದಿನದಿಂದ ಮತ್ತೆ ಅದೇ ಕಪ್ಪು ಐದು, ಈ ಸಲ ಇನ್ನೂ ಜೋರಾಗಿ. ಮೂರು ತಿಂಗಳಲ್ಲಿ ಮಾತಾಡಿದರೂ ನೋವು. ಆಮೇಲೆ ಎರಡು ವರ್ಷ ಹಾಡಲೇ ಇಲ್ಲ. ಆ ಎರಡು ವರ್ಷ ತಬಲಾ ಕಲಿತೆ, ಅದೊಂದೇ ಲಾಭ.

ಯಾರದೂ ದೃಷ್ಟಿ ಅಲ್ಲ ಅದು. ಆ ವಯಸ್ಸಿನಲ್ಲಿ ಗಂಟಲಿನ ಗೂಡು ದೊಡ್ಡದಾಗುತ್ತೆ, ಧ್ವನಿತಂತುಗಳು ಉದ್ದ ಆಗುತ್ತವೆ, ದಪ್ಪ ಆಗುತ್ತವೆ. ಹುಡುಗರ ದನಿ ಸುಮಾರು ಒಂದು ಸಪ್ತಕ, ಅಂದರೆ ಮೇಲಿನ ಸಾದಿಂದ ಕೆಳಗಿನ ಸಾವರೆಗಿನಷ್ಟು ಕೆಳಗಿಳಿಯುತ್ತೆ. ಹುಡುಗಿಯರ ದನಿಯೂ ಬದಲಾಗುತ್ತೆ, ಆದರೆ ಎರಡು-ಮೂರು ಸ್ವರದಷ್ಟೇ. ಕಪ್ಪು ಐದರಲ್ಲಿ ಹಾಡುತ್ತಿದ್ದ ಹುಡುಗ ಒಂದೆರಡು ವರ್ಷದಲ್ಲಿ ಕಪ್ಪು ಒಂದಕ್ಕೆ ಬಂದು ನಿಲ್ಲಬಹುದು. ಆ ನಡುವೆ ಹಾಡು ಪೂರ್ತಿ ಬಿಡಬೇಕಿಲ್ಲ. ಶ್ರುತಿ ಇಳಿಸಿ, ಮೆಲ್ಲಗೆ, ಸ್ವಲ್ಪ ಹೊತ್ತು ಹಾಡಿದರೆ ಸಾಕು. ಮನೆಯಲ್ಲಿ ಮಗನ ಮಾತು ಗೊಗ್ಗರಾಗಿದೆ ಅನ್ನಿಸಿದ ದಿನವೇ ನಮಗೆ ಹೇಳಿ. ಎರಡು ವಾರ ದಾಟಿದರೂ ಗೊಗ್ಗರು ಹೋಗದಿದ್ದರೆ, ನೋವೂ ಇದ್ದರೆ, ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ತೋರಿಸಿ. ನಾವು ಡಾಕ್ಟರಲ್ಲ.

ದನಿ ಬದಲಾದರೆ ಮುಗಿದೇಹೋಯಿತು ಅಂತ ಅಳುವ ಮಕ್ಕಳಿಗೆ ನಾನು ಗಂಗೂಬಾಯಿ ಹಾನಗಲ್ ಅವರ ಹಳೆಯ ರೆಕಾರ್ಡ್ ಒಂದು, ಆಮೇಲಿನದು ಒಂದು ಹಾಕಿ ಕೇಳಿಸುತ್ತೇನೆ. ಚಿಕ್ಕವರಿದ್ದಾಗ ತೆಳ್ಳನೆ ದನಿ. ಗಂಟಲಿಗೆ ಚಿಕಿತ್ಸೆ ಆದ ಮೇಲೆ ಅದು ದಪ್ಪ ಆಯಿತು. ಆ ದಪ್ಪ ದನಿಯಲ್ಲೇ ಅವರು ದೇಶಕ್ಕೆಲ್ಲ ಹಾಡಿದರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತು ಬರುತ್ತಿದ್ದರು. ಶಹಾಬಾದಿನ ಮಕ್ಕಳಿಗೆ ಇದನ್ನು ಹೇಳಿದರೆ ರೈಲು ತಡ ಆಯಿತು ಅನ್ನೋ ದೂರು ಸ್ವಲ್ಪ ಕಡಿಮೆ ಆಗುತ್ತೆ.

ಮನೆಯಲ್ಲಿ ರಿಯಾಜ್, ಅಂದರೆ ಅಭ್ಯಾಸ, ಇಪ್ಪತ್ತು ನಿಮಿಷ ಸಾಕು, ದಿನಾ ಆಗಬೇಕು ಅಷ್ಟೇ. ಭಾನುವಾರ ಎರಡು ತಾಸು ಕೂರಿಸಿ ವಾರದ ಲೆಕ್ಕ ತೀರಿಸಬೇಡಿ. ಬೆಳಿಗ್ಗೆ ಒಳ್ಳೆಯದು. ನಮ್ಮ ಬಿಸಿಲಿನಲ್ಲಿ ಮಧ್ಯಾಹ್ನ ಯಾರಿಗೂ ಹಾಡೋ ಮನಸ್ಸು ಬರಲ್ಲ. ತಂಬೂರಿ ಕೊಳ್ಳುವುದು ಬೇಡ, ಫೋನಿನ ತಂಬೂರಿ ಆ್ಯಪ್ ಸಾಕು. ಅದರಲ್ಲಿ ಕಪ್ಪು-ಬಿಳಿ ಅಂತ ಇರಲ್ಲ, ಇಂಗ್ಲಿಷ್ ಅಕ್ಷರ ಇರುತ್ತೆ. ಕಪ್ಪು ನಾಲ್ಕು ಅಂದರೆ ಜಿ ಶಾರ್ಪ್, ಕಪ್ಪು ಐದು ಅಂದರೆ ಎ ಶಾರ್ಪ್. ನಿಮ್ಮ ಮಗುವಿನ ಶ್ರುತಿಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಾವೇ ಬರೆದು ಕೊಡ್ತೀವಿ. ಅದನ್ನು ಏರಿಸಬೇಡಿ. ಏರಿಸಿದರೆ ದನಿ ಜೋರಾಗಿ ಕೇಳುತ್ತೆ, ನಿಮಗೆ ಖುಷಿಯೂ ಆಗುತ್ತೆ. ಪೆಟ್ಟು ಗಂಟಲಿಗೆ. ರಿಯಾಜ್ ನಡೆಯುವಾಗ ಫೋನಿಗೆ ಕರೆ ಬರದ ಹಾಗೆ ಮಾಡಿಡಿ. ಸಾ ನಡುವೆ ಬ್ಯಾಂಕಿನವರ ಸಾಲದ ಕರೆ ಬಂದರೆ ಮಗು ನಗುತ್ತೆ, ಆ ದಿನದ ಪಾಠ ಅಲ್ಲಿಗೆ ಮುಗಿಯಿತು.

ಹಾರ್ಮೋನಿಯಂ ಕೊಳ್ಳೋಕೆ ಆತುರ ಯಾಕೆ? ಕೀ ಒತ್ತಿದರೆ ಸ್ವರ ತಾನೇ ಬರುತ್ತೆ, ಮಗು ಅದರ ಹಿಂದೆ ಹೋಗುತ್ತೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಅದರಲ್ಲಿ ಬರಲ್ಲ. ಆಕಾಶವಾಣಿಯವರು 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನೇ ದೂರ ಇಟ್ಟಿದ್ದರು. ನನಗೆ ಅದು ಅತಿ ಅನ್ನಿಸುತ್ತೆ, ನಾನೇ ಹಾರ್ಮೋನಿಯಂ ಹಿಡಿದು ಕೂರುವವನು. ಆದರೂ ಮೊದಲ ವರ್ಷ ಬೇಡ.

ತಬಲಾ ಮಕ್ಕಳ ಮನೆಯವರು ಮಾತ್ರ ಜೋಡಿ ಕೊಳ್ಳಲೇಬೇಕು. ಅದನ್ನು ಮಾಳಿಗೆ ಕೆಳಗಿನ ಕಾದ ಕೋಣೆಯಲ್ಲಿ, ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಏಪ್ರಿಲ್-ಮೇನಲ್ಲಿ ಇಲ್ಲಿ 42 ಡಿಗ್ರಿ ದಾಟೋದು ಹೊಸದಲ್ಲ. ಆ ಕಾವಿಗೆ ಚರ್ಮ ಬಿಗಿದು ಶ್ರುತಿ ಏರುತ್ತೆ, ಕೆಲವೊಮ್ಮೆ ಹರಿದೇ ಹೋಗುತ್ತೆ. ಮಳೆಗಾಲದಲ್ಲಿ ಸಡಿಲಾಗಿ ಇಳಿಯುತ್ತೆ. ಹಳೆ ಕೌದಿ ಸುತ್ತಿ, ಒಳಗಿನ ಕೋಣೆಯಲ್ಲಿ ನೆಲದ ಮೇಲೆ ಇಡಿ. ಸುತ್ತಿಗೆ ಮಕ್ಕಳ ಕೈಗೆ ಕೊಡಬೇಡಿ, ಶ್ರುತಿ ನಾವು ಮಾಡಿಕೊಡ್ತೀವಿ.

ಊಟದ ಬಗ್ಗೆ ಎಲ್ಲರೂ ಕೇಳ್ತಾರೆ. ಮಿರ್ಚಿ ಭಜಿ ಬಿಡಿಸಬೇಕಾ? ಬಿಡಿಸಿದರೆ ಕಲಬುರಗಿಯಲ್ಲಿ ಯಾರು ಹಾಡ್ತಾರೆ! ರಾತ್ರಿ ಹೊಟ್ಟೆ ಬಿರಿಯುವಂತೆ ಖಾರ ತಿಂದು ತಕ್ಷಣ ಮಲಗಬಾರದು ಅಷ್ಟೇ. ಹೊಟ್ಟೆಯ ಹುಳಿ ಗಂಟಲವರೆಗೆ ಬಂದು ಬೆಳಿಗ್ಗೆ ದನಿ ಕೆಡುತ್ತೆ. ನೀರು ಜಾಸ್ತಿ ಕುಡಿಸಿ. ಫ್ರಿಜ್ ನೀರಿಗಿಂತ ಕ್ರಿಕೆಟ್ ಆಡುತ್ತಾ ಕಿರುಚೋದು ಗಂಟಲನ್ನು ಜಾಸ್ತಿ ಕೆಡಿಸುತ್ತೆ, ಇದು ಇಷ್ಟು ವರ್ಷ ಮಕ್ಕಳನ್ನು ನೋಡಿ ಹೇಳುವ ಮಾತು.

"ಹಿಂದಿ ಹಾಡು ಯಾಕೆ, ವಚನ ಕಲಿಸಿ" ಅಂತಲೂ ಕೆಲವರು ಹೇಳಿದಿರಿ. ನಾವು ಕಲಿಸುವ ಗಾಯನ ಶೈಲಿ ಖ್ಯಾಲ್. ಅದರ ಚೀಜುಗಳು, ಅಂದರೆ ಹಾಡುವ ಸಾಲುಗಳು, ಹೆಚ್ಚಾಗಿ ಬ್ರಜ್ ಭಾಷೆಯಲ್ಲಿರುತ್ತವೆ, ಅದು ಈ ಗಾಯನದ ಹಾದಿ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಇಬ್ಬರೂ ಖ್ಯಾಲನ್ನೂ ಹಾಡಿದರು, ವಚನವನ್ನೂ ಹಾಡಿದರು. ನಾವೂ ಎರಡನ್ನೂ ಹೇಳಿಕೊಡ್ತೀವಿ, ವಚನ ಎರಡನೇ ವರ್ಷದಿಂದ. ಮನೆಯಲ್ಲಿ ಕಡಕೋಳ ಮಡಿವಾಳಪ್ಪನ ತತ್ವಪದ ಹಾಡುವವರಿದ್ದರೆ, ದರ್ಗಾದ ಕವ್ವಾಲಿ ಕೇಳುವವರಿದ್ದರೆ ನಿಲ್ಲಿಸಬೇಡಿ. ಅಂಥ ಮನೆಯ ಮಕ್ಕಳು ಲಯ ಜೊತೆಗೇ ತರ್ತಾರೆ. ತಾಳಕ್ಕೆ ಕೈ ಹಾಕುವುದನ್ನು ನೋಡಿದರೇ ಗೊತ್ತಾಗುತ್ತೆ.

ಪರೀಕ್ಷೆ ಇದೆ, ಸರ್ಟಿಫಿಕೇಟೂ ಬರುತ್ತೆ. ಮೊದಲ ವರ್ಷ ಕೂರಿಸುವುದಿಲ್ಲ.

ಪಕ್ಕದ ಮನೆಯ ಮಗು ಭೂಪ್‌ಗೆ ಹೋಯಿತು, ನಮ್ಮದು ಇನ್ನೂ ಪಲ್ಟಾದಲ್ಲೇ ಇದೆ ಅಂತ ದಯವಿಟ್ಟು ಫೋನ್ ಮಾಡಬೇಡಿ. ಬೇರೆ ಏನಿದ್ದರೂ ಮಾಡಿ, ಸಂಜೆ ಏಳರ ಮೇಲೆ.

ಈ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಬನ್ನಿ, ತಂದೆ-ತಾಯಿ ಇಬ್ಬರೂ. ಮಕ್ಕಳನ್ನು ಹೊರಗೆ ಆಡಲು ಬಿಟ್ಟು, ನಿಮ್ಮನ್ನೇ ತಂಬೂರಿ ಮುಂದೆ ಕೂರಿಸಿ ಐದು ನಿಮಿಷ ಸಾ ಹಾಡಿಸ್ತೀವಿ. ನೆಗಡಿ ಅಂತ ಹೇಳಿ ತಪ್ಪಿಸಿಕೊಳ್ಳಬೇಡಿ.

ನಿಮ್ಮ,
ಮುಖ್ಯ ಗುರುಗಳು
ಕಲಬುರಗಿ